ತಲೆಕಡೆ, ಕಾಲುಕಡೆ

ನನ್ನ ಅಣ್ಣನ ಮಗ ಡಾಕ್ಟರಾದ ಮೇಲೆ ನಮ್ಮ ಮನೆಯವರಲ್ಲಿ ಯಾರಿಗೂ ಬರೀ ನೆಗಡಿ ಬರಲಿಲ್ಲ. ಬಂದದ್ದಕ್ಕೆಲ್ಲ ಒಂದೊಂದು ಉದ್ದದ ಹೆಸರಿತ್ತು. ಅವನು ಮನೆಯೊಳಗೆ ಕಾಲಿಟ್ಟರೆ ಸಾಕು, ಅತ್ತಿಗೆ ಫ್ಯಾನಿನ ಕೆಳಗಿನ ಕುರ್ಚಿಯಿಂದ ಅಣ್ಣನನ್ನು ಎಬ್ಬಿಸುತ್ತಿದ್ದಳು. ಅಣ್ಣ ಎದ್ದು, ಮಗನೆದುರು ರೋಗಿಯ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದ.

ಮಗ ಕಲಿಯುತ್ತಿದ್ದದ್ದು, ದುಡಿಯುತ್ತಿದ್ದದ್ದು ಎರಡೂ ಧರ್ಮಾಸ್ಪತ್ರೆಯಲ್ಲಿ. ಬೇರೆ ಎಲ್ಲ ಕಡೆ ಬಾಗಿಲು ಮುಚ್ಚಿಸಿಕೊಂಡವರು ಕೊನೆಗೆ ಬರುವ ಜಾಗ ಅದು. ದೊಡ್ಡ ಡಿಗ್ರಿಗಾಗಿ ಅಲ್ಲೇ ಉಳಿದು ವಾರ್ಡು ನೋಡಿಕೊಳ್ಳುವ ಎಳೆಯ ಡಾಕ್ಟರುಗಳನ್ನು ರೆಸಿಡೆಂಟ್ ಎನ್ನುತ್ತಾರೆ. ಕಲಿಯುವವರೂ ಅವರೇ, ಇಡೀ ಆಸ್ಪತ್ರೆಯನ್ನು ಹೆಗಲ ಮೇಲೆ ಹೊತ್ತವರೂ ಅವರೇ. ಕೊನೆಯ ವರ್ಷ ಅವರಲ್ಲೊಬ್ಬನನ್ನು ಆರಿಸಿ ಉಳಿದವರಿಗೆ ಚೀಫ್ ಮಾಡುತ್ತಾರೆ. ಅಣ್ಣನ ಮಗ ಚೀಫ್ ಆದ ದಿನ ಅತ್ತಿಗೆ ಬೀದಿಗೆಲ್ಲ ಸಿಹಿ ಹಂಚಿದಳು. ಇಡೀ ಆಸ್ಪತ್ರೆಗೇ ಚೀಫಾ ಎಂದು ಯಾರೋ ಕೇಳಿದರು. ಅತ್ತಿಗೆ ಇಲ್ಲ ಎನ್ನಲಿಲ್ಲ.

ಚೀಫ್ ಆದವನು ಏನಾದರೂ ಮಾಡಿ ತೋರಿಸಬೇಕಲ್ಲ. ಆ ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಇಬ್ಬರು ರೋಗಿಗಳು. ಒಬ್ಬರು ದಿಂಬಿನ ಕಡೆ ತಲೆಯಿಟ್ಟರೆ ಇನ್ನೊಬ್ಬರು ಅವರ ಕಾಲಿನ ಕಡೆ ತಲೆಯಿಡಬೇಕು. ಒಬ್ಬರ ಪಾದ ಇನ್ನೊಬ್ಬರ ಪಕ್ಕೆಗೆ ತಾಗುತ್ತಿರುತ್ತದೆ. ಬೇರೆಯವರಾದರೆ ಇನ್ನಷ್ಟು ಮಂಚ ಕೇಳುತ್ತಿದ್ದರು. ಇವನು ಒಂದು ಪದ್ಧತಿ ತಂದ. ಹೆಸರು ಹೇಳಿಕೊಂಡು ಕೂತರೆ ಹೊತ್ತಾಗುತ್ತದೆ, ಒಂದೇ ಹೆಸರಿನವರು ವಾರ್ಡಿನಲ್ಲಿ ನಾಲ್ಕು ಜನ ಇರುತ್ತಾರೆ. ಆದ್ದರಿಂದ ಮಂಚದ ನಂಬರು, ಆಮೇಲೆ ತಲೆಕಡೆಯೋ ಕಾಲುಕಡೆಯೋ, ಅಷ್ಟೇ. ‘ಐದು, ಕಾಲುಕಡೆ, ಎಕ್ಸ್‌ರೇ.’ ‘ಆರು, ತಲೆಕಡೆ, ಮನೆಗೆ.’ ಬೆಳಗಿನ ರೌಂಡ್ಸು ಅರ್ಧ ಹೊತ್ತಿಗೆ ಮುಗಿಯತೊಡಗಿತು. ದೊಡ್ಡ ಡಾಕ್ಟರು ಎಲ್ಲರೆದುರು ಅವನ ಬೆನ್ನು ತಟ್ಟಿ, ನಾಯಕತ್ವ ಅಂದರೆ ಇದು ಅಂದರಂತೆ. ಆಯಾಗಳು ಅವನಿಗೆ ಎಕ್ಸ್‌ಪ್ರೆಸ್ಸು ಎಂದು ಹೆಸರಿಟ್ಟರು. ಅದೂ ಹೊಗಳಿಕೆಯೇ ಎಂದು ಅವನು ನಂಬಿದ್ದ.

ಇದನ್ನೆಲ್ಲ ನಾನು ಕಣ್ಣಾರೆ ಕಂಡದ್ದು ನಮ್ಮ ಪಕ್ಕದ ಮನೆಯ ಟೈಲರಮ್ಮನ ದೆಸೆಯಿಂದ. ಅವಳ ಹೃದಯ ಸೋತು ಕಾಲು ಊದಿ, ನಾಲ್ಕು ಮಾತಾಡಿದರೆ ಏದುಸಿರು ಬರುತ್ತಿತ್ತು. ಹಿಂದೆ ಮುಂದೆ ಯಾರೂ ಇಲ್ಲದವಳು, ನಾನೇ ಕರೆದುಕೊಂಡು ಹೋಗಿ ಸೇರಿಸಿದೆ. ಏಳನೆಯ ಮಂಚದ ಕಾಲುಕಡೆ ಜಾಗ ಸಿಕ್ಕಿತು. ತಲೆಕಡೆ ತರಕಾರಿ ಮಾರುವ ಅಜ್ಜಿ, ಸಕ್ಕರೆ ಕಾಯಿಲೆ. ಮೊದಲ ದಿನ ಅಣ್ಣನ ಮಗ ಬಂದಾಗ ನಾನು ಬಾಯಿತುಂಬ ನಕ್ಕೆ. ಅವನು ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತ, ‘ರೋಗಿ ಕಡೆಯವರು ಹೊರಗೆ ನಿಲ್ಲಿ’ ಎಂದ. ನನ್ನ ಸೊಂಟದ ಮೇಲೆ ಕೂತು ಬೆಳೆದ ಹುಡುಗ. ನಿಂತೆ. ಬಾಗಿಲು ಹೇಗೂ ಸರಿಯಾಗಿ ಮುಚ್ಚುತ್ತಿರಲಿಲ್ಲ.

ಟೈಲರಮ್ಮನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಒರಗಿಕೊಳ್ಳಲು ಮಂಚಕ್ಕೆ ಕಬ್ಬಿಣದ ಕಂಬಿಗಳಿದ್ದದ್ದು ತಲೆಯ ಕಡೆ ಮಾತ್ರ. ಒಂದು ಸಂಜೆ ಅಜ್ಜಿಯೇ, ‘ನೀನು ಈ ಕಡೆ ಬಾ ತಾಯಿ, ನಂಗೆ ಎಲ್ಲಾದ್ರೂ ನಿದ್ದೆ ಬರತ್ತೆ’ ಎಂದು ಗಂಟುಮೂಟೆ ಸಮೇತ ಕಾಲುಕಡೆಗೆ ಹೋದಳು. ಆ ವಾರ್ಡಿನಲ್ಲಿ ಅಷ್ಟು ಸಲೀಸಾಗಿ ಆದ ಕೆಲಸ ಅದೊಂದೇ.

ಮರುದಿನ ಬೆಳಿಗ್ಗೆ ಎಕ್ಸ್‌ಪ್ರೆಸ್ಸು ಬಂತು. ಹಿಂದೆ ಓಡೋಡಿ ಬರುತ್ತಿದ್ದವಳು ಹೊಸದಾಗಿ ಸೇರಿದ ಕನ್ನಡಕದ ಹುಡುಗಿ, ಮೊದಲ ವರ್ಷದ ಡಾಕ್ಟರು. ಅಜ್ಜಿ ಬಚ್ಚಲಿಗೆ ಹೋಗಿದ್ದಳು. ಅಣ್ಣನ ಮಗ ಆಗಲೇ ಎಂಟನೆಯ ಮಂಚದ ಕಡೆ ತಿರುಗಿಕೊಂಡು, ‘ಏಳು, ತಲೆಕಡೆ, ಇನ್ಸುಲಿನ್’ ಎಂದ. ಹುಡುಗಿ ಟೈಲರಮ್ಮನ ಮುಖ ನೋಡಿ ಅನುಮಾನಿಸಿದಳು.

‘ಸರ್, ಒಂದ್ಸಲ ಹೆಸರು ಕೇಳಲಾ?’

‘ಹೆಸರಿಗೆ ಇಂಜೆಕ್ಷನ್ ಕೊಡ್ತೀಯಾ, ರೋಗಕ್ಕೆ ಕೊಡ್ತೀಯಾ?’

ಉಳಿದ ಎಳೆಯ ಡಾಕ್ಟರುಗಳು ನಕ್ಕರು. ಚೀಫು ಜೋಕು ಮಾಡಿದಾಗ ನಗುವುದೂ ಅವರ ಕಲಿಕೆಯ ಒಂದು ಭಾಗವಿರಬೇಕು. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಇಂಜೆಕ್ಷನ್ ಕೊಟ್ಟಳು. ಟೈಲರಮ್ಮ ತೋಳು ಚಾಚಿದಳು. ಅಲ್ಲಿ ಯಾವ ಸೂಜಿ ಯಾಕೆ ಎಂದು ಕೇಳಿದರೆ ಬೈಗುಳ ಸಿಗುತ್ತಿತ್ತು, ಉತ್ತರ ಸಿಗುತ್ತಿರಲಿಲ್ಲ.

ಸಕ್ಕರೆ ಕಾಯಿಲೆಯೇ ಇಲ್ಲದವಳು, ಮೇಲಾಗಿ ಖಾಲಿ ಹೊಟ್ಟೆ. ರೌಂಡ್ಸು ಮುಗಿದು ನಾನು ಒಳಗೆ ಹೋಗಿ ಕೂತ ಮೇಲೆ ಅವಳು ಬೆವರಿ ತೊಯ್ದು ತೊದಲತೊಡಗಿದಳು. ನಾನು ಕೂಗುವ ಮೊದಲೇ ಆ ಹುಡುಗಿ ಓಡಿ ಬಂದಳು. ಮನಸ್ಸು ತಡೆಯದೆ ತಾನಾಗಿಯೇ ತಿರುಗಿ ನೋಡಲು ಬಂದಿದ್ದಳಂತೆ. ಬೆರಳು ಚುಚ್ಚಿ ರಕ್ತ ನೋಡಿ, ನರಕ್ಕೆ ಗ್ಲೂಕೋಸ್ ಹಾಕಿ, ಟೈಲರಮ್ಮ ಕಣ್ಣು ಬಿಡುವವರೆಗೆ ಪಕ್ಕದಲ್ಲೇ ಮಂಡಿಯೂರಿ ಕೂತಳು. ಜೀವ ಉಳಿಯಿತು.

ಜೀವ ಉಳಿದ ಮೇಲೆ ದೊಡ್ಡ ಡಾಕ್ಟರಿಗೆ ಸಿಟ್ಟು ಬಂತು. ಯಾರದು ತಪ್ಪು ಎಂದು ವಾರ್ಡಿನ ನಡುವೆ ನಿಂತು ಗುಡುಗಿದರು. ಅಣ್ಣನ ಮಗ ಶರಟಿನ ತೋಳು ಸರಿಮಾಡಿಕೊಂಡು, ‘ಹೊಸಬಳು ಸರ್’ ಎಂದ. ಹುಡುಗಿ ಅವನ ಕಡೆ ನೋಡಿದಳು, ಬಾಯಿ ಬಿಡಲಿಲ್ಲ. ಚೀಫಿನ ಮೇಲೆ ಹೇಳಿ ಅಲ್ಲಿ ಬಾಳಿದವರು ಯಾರೂ ಇಲ್ಲ ಎಂದು ನಾನು ಆಮೇಲೆ ಆಯಾಗಳ ಬಾಯಲ್ಲಿ ಕೇಳಿದೆ. ನಾಳೆ ಕಮಿಟಿ ಕೂರುತ್ತದೆ, ಚೀಫು ಏನು ಹೇಳುತ್ತಾನೋ ಅದರ ಮೇಲೆ ತೀರ್ಮಾನ, ತಪ್ಪು ಇವಳದೆಂದಾದರೆ ಇವಳ ಸೀಟು ಹೋಗುತ್ತದೆ, ಮತ್ತೆ ಡಿಗ್ರಿಯ ಆಸೆ ಬಿಡಬೇಕು. ಇದೂ ಅವರೇ ಹೇಳಿದ್ದು.

ಸಂಜೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಮಗನಿಗೆ ಬಡಿಸುತ್ತ, ಯಾರೋ ಪೆದ್ದು ಹುಡುಗಿಯಿಂದ ತನ್ನ ಕಂದನ ಹೆಸರಿಗೆ ಮಸಿ ಬರುವಂತಾಯಿತು ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಚೀಫ್ ಆಗಿ ವರ್ಷ ಮುಗಿಸಿದವನಿಗೆ ದೊಡ್ಡ ಡಾಕ್ಟರೇ ಒಳ್ಳೆಯ ಕಡೆ ಕೆಲಸ ಕೊಡಿಸುತ್ತಾರಂತೆ. ಕಂದ ಅನ್ನ ಕಲಸುತ್ತಿದ್ದ, ಉಣ್ಣುತ್ತಿರಲಿಲ್ಲ. ಅತ್ತಿಗೆ ಒಳಗೆ ಹೋದದ್ದೇ ತಡ, ದನಿ ತಗ್ಗಿಸಿದ.

‘ಅತ್ತೆ, ಬೆಳಿಗ್ಗೆ ನೀನು ಎಲ್ಲಿದ್ದೆ?’

‘ಹೊರಗೆ ನಿಲ್ಲಿ ಅಂದ್ಯಲ್ಲಪ್ಪ, ನಿಂತಿದ್ದೆ.’

‘ಕೇಳಿಸ್ತಾ?’

‘ಆ ಬಾಗಿಲು ಮುಚ್ಚಲ್ಲ.’

‘ಕಮಿಟಿ ಮುಂದೆ ಹೇಳ್ತೀಯಾ?’

‘ರೋಗಿ ಕಡೆಯವರ ಮಾತು ಯಾರು ಕೇಳ್ತಾರೆ? ನೀನಿದ್ದೀಯಲ್ಲ, ಚೀಫು.’

ಅವನು ತಟ್ಟೆಯಲ್ಲೇ ಕೈತೊಳೆದ. ಮನೆಗೆ ಬಂದು ದೇವರಲ್ಲಿ ಆ ಹುಡುಗಿಯ ಸೀಟು ಉಳಿಸಪ್ಪ ಎಂದು ಬೇಡಿಕೊಂಡೆ. ಅಣ್ಣನ ಮಗನಿಗೆ ಏನು ಬೇಡಬೇಕೋ ತೋಚಲಿಲ್ಲ. ಅವನಿಗೇನು ಬೇಕೋ ನೀನೇ ನೋಡಿಕೋ ಎಂದೆ.

ಕಮಿಟಿ ಎಂದರೆ ದೊಡ್ಡ ಡಾಕ್ಟರು ಮತ್ತು ಅವರು ಹೇಳಿದ್ದಕ್ಕೆ ತಲೆಯಾಡಿಸುವ ಇಬ್ಬರು. ಮಂಚ ನೋಡಬೇಕೆಂದು ಮರುದಿನ ವಾರ್ಡಿಗೇ ಬಂದರು. ಟೈಲರಮ್ಮ ಏಳಲಾರದ್ದರಿಂದ ಅವಳನ್ನು ಹಿಡಿದುಕೊಂಡಿದ್ದ ನನ್ನನ್ನು ಯಾರೂ ಹೊರಗೆ ಅಟ್ಟಲಿಲ್ಲ.

‘ಕೊಡೋ ಮೊದಲು ಹೆಸರು ಕೇಳಬೇಕು ಅನ್ನೋದೂ ಗೊತ್ತಿಲ್ವಾ ನಿನಗೆ?’ ಎಂದು ದೊಡ್ಡ ಡಾಕ್ಟರು ಹುಡುಗಿಯನ್ನು ಕೇಳಿದರು. ಬೇಗ ಬೇಗ ಎಂದು ಬೆನ್ನು ತಟ್ಟಿದವರು ಅವರೇ. ಹುಡುಗಿ ನೆಲ ನೋಡುತ್ತಿದ್ದಳು. ಅಣ್ಣನ ಮಗ ಎರಡು ಸಲ ಕೆಮ್ಮಿದ. ಅಡ್ಡದಾರಿ ಹುಡುಕುತ್ತಿದ್ದಾನೆ ಎಂದುಕೊಂಡೆ.

‘ಕೇಳ್ತೀನಿ ಅಂದ್ಲು ಸರ್. ನಾನೇ ಬಿಡಲಿಲ್ಲ.’

‘ಏನಂದೆ?’

‘ಹೆಸರಿಗೆ ಇಂಜೆಕ್ಷನ್ ಕೊಡ್ತೀಯಾ, ರೋಗಕ್ಕೆ ಕೊಡ್ತೀಯಾ ಅಂದೆ.’

ಈ ಸಲ ಯಾರೂ ನಗಲಿಲ್ಲ. ಕಾಲುಕಡೆಯಿಂದ ಅಜ್ಜಿ ಮಾತ್ರ, ‘ಹಾಳಾಗೋನೇ, ಬಾಯಿ ಬಿಟ್ಟು ಕೇಳಿದ್ರೆ ನಾವೇ ಹೇಳ್ತಿರಲಿಲ್ವಾ’ ಎಂದಳು. ದೊಡ್ಡ ಡಾಕ್ಟರು ಅಣ್ಣನ ಮಗನ ತೋಳು ಹಿಡಿದು ಪಕ್ಕಕ್ಕೆಳೆದು, ‘ಇದನ್ನ ನನ್ನ ರೂಮಲ್ಲಿ ಹೇಳಬಾರದಾಗಿತ್ತಾ?’ ಎಂದರು. ಅವರಿಗೆ ನೋವಾದದ್ದು ಅಷ್ಟೇ.

ಹುಡುಗಿಯ ಸೀಟು ಉಳಿಯಿತು. ಚೀಫಿನ ಪಟ್ಟ ಇನ್ನೊಬ್ಬನ ಪಾಲಾಯಿತು. ಅವನೂ ಬಂದ ವಾರದಲ್ಲೇ ಏನೋ ಪದ್ಧತಿ ತಂದನಂತೆ. ವಾರ್ಡಿನ ಗೋಡೆಗೆ, ರೋಗಿಗಳು ತಮ್ಮ ಕಡೆ ಬದಲಿಸಕೂಡದು ಎಂದು ದಪ್ಪಕ್ಷರದ ಬೋರ್ಡು ಬಂತು. ಮಂಚ ಬರಲಿಲ್ಲ. ಅತ್ತಿಗೆ ತಿಂಗಳುಗಟ್ಟಲೆ ಬೀದಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ. ಮಗ ಯಾರನ್ನೋ ಸಾಯಿಸುವುದರಲ್ಲಿದ್ದ ಎಂಬ ನಾಚಿಕೆಯಲ್ಲ, ಬಾಯಿಬಿಟ್ಟು ಕೆಟ್ಟನಲ್ಲ ಎಂಬುದು.

ಟೈಲರಮ್ಮನನ್ನು ಮನೆಗೆ ಕರೆದೊಯ್ಯುವ ದಿನ ಅವನು ಗೇಟಿನವರೆಗೆ ಬಂದ. ಗೋಡೆ ನೋಡದೆ ನನ್ನ ಮುಖ ನೋಡಿಯೇ ಮಾತಾಡಿದ. ಆ ಹುಡುಗಿ ಎದುರಿಗೆ ಸಿಕ್ಕರೂ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ ಎಂದು ಬೇಜಾರು ಮಾಡಿಕೊಂಡ.

‘ಯಾತಕ್ಕೆ ಹೇಳಬೇಕು? ಅವಳದ್ದನ್ನೇ ನೀನು ಕಿತ್ಕೊಂಡು ಅವಳಿಗೇ ವಾಪಸ್ ಕೊಟ್ಟೆ.’

ಅವನು ಹೌದು ಎಂದ. ಡಾಕ್ಟರಾದ ಮೇಲೆ ಅವನು ನಮ್ಮ ಪೈಕಿ ಯಾರ ಮಾತಿಗಾದರೂ ಹೌದು ಎಂದದ್ದು ನಾನು ಕೇಳಿದ್ದು ಅದೇ ಮೊದಲು.