ಸುಣ್ಣದ ಗೆರೆಯ ಮನೆ

ಕುಮಟೆಯಲ್ಲಿ ನಮ್ಮ ಪಕ್ಕದ ಮನೆಯವರು ಮಹಡಿ ಏರಿಸುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಲಾರಿಯಿಂದ ಇಳಿಸಿದ ಚಿರೆಕಲ್ಲಿಗೆ ನೀರು ಹಾಯಿಸಿದರು. ಒದ್ದೆ ಕೆಂಪು ಕಲ್ಲಿನ ಆ ವಾಸನೆ ಅಡುಗೆಮನೆ ಕಿಟಕಿಯಿಂದ ಒಳಗೆ ಬಂತು. ಕೈಯಲ್ಲಿದ್ದ ಚಾ ಹಾಗೇ ತಣಿಯಿತು. ಅಕ್ಕೋರು ನೆನಪಾದರು...

ಅಕ್ಕೋರೆಂದರೆ ಕರ್ಕಿ ಕಡೆಯ ಒಂದು ಹೊಳೆದಂಡೆಯ ಕೇರಿಯಲ್ಲಿದ್ದ ನಿವೃತ್ತ ಶಾಲಾ ಶಿಕ್ಷಕಿ. ಕೇರಿಯ ಬಹಳ ಜನ ಅವರ ಹತ್ತಿರವೇ ಅಕ್ಷರ ಕಲಿತವರು. ನಾನಾಗ ಮನೆ ಕಟ್ಟಿಸಿಕೊಡುವ ಒಂದು ಸಂಸ್ಥೆಗೆ ಹೊಸದಾಗಿ ಸೇರಿದ್ದೆ. ಪ್ರತಿ ಮಳೆಗಾಲ ಹೊಳೆ ನುಗ್ಗುತ್ತಿದ್ದ ಆ ಕೇರಿಯ ಕೂಲಿ ಕುಟುಂಬಗಳಿಗೆ ಮೇಲಿನ ದಿಬ್ಬದಲ್ಲಿ ಮನೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಊರಿನದೇ ಚಿರೆಕಲ್ಲು, ಹೆಂಚಿನ ಮಾಡು, ಮಳೆನೀರು ಹಿಡಿಯುವ ಟಾಂಕಿ. ಪರಿಸರಕ್ಕೂ ಒಳ್ಳೆಯದು, ಬೇಸಗೆಗೂ ತಂಪು ಎಂದು ನಮಗೆಲ್ಲ ಹೆಮ್ಮೆ. ಜನರನ್ನು ಕೂರಿಸಿ, ನಕ್ಷೆ ತೋರಿಸಿ, ಒಪ್ಪಿಗೆ ಪಡೆಯುವುದು ನನ್ನ ಕೆಲಸವಾಗಿತ್ತು.

ಮೊದಲ ಸಭೆಯಲ್ಲಿ ಎಲ್ಲರೂ "ಆತು, ಆತು" ಎಂದರು. ನಾನು ಖುಷಿಯಿಂದ ನಕ್ಷೆ ಸುತ್ತುತ್ತಿದ್ದಾಗ ಅಕ್ಕೋರು ಹತ್ತಿರ ಬಂದರು.

"ತಂಗಿ, ಕಾಗದದ ಗೆರೆ ನೋಡಿ ಅವ್ರಿಗೆ ಎಂತ ಗೊತ್ತಾಗ್ತದೆ? ನಂಗೇ ಗೊತ್ತಾಗ್ಲಿಲ್ಲ. ನೆಲದ ಮೇಲೆ ತೋರ್ಸು."

ಮುಂದಿನ ಭಾನುವಾರ, ಕೊಯ್ಲು ಮುಗಿದ ಗದ್ದೆಯಲ್ಲಿ, ಕಬಡ್ಡಿ ಅಂಕಣಕ್ಕೆ ಹಾಕುವ ಹಾಗೆ ಸುಣ್ಣದ ಗೆರೆ ಎಳೆದು ಒಂದು ಇಡೀ ಮನೆ ಬರೆದೆವು. ಹೆಂಗಸರು ನಗುತ್ತ ಬಂದರು. ಬಾಗಿಲಿಗೆಂದು ಬಿಟ್ಟ ಜಾಗದ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಅವರಿಗೆ ಅದು ಆಗಲೇ ಮನೆಯಾಗಿತ್ತು.

ಆಮೇಲೆ ಮಾತು ಶುರುವಾಯಿತು. ಒಲೆ ಮುಂದೆ ಕೂತವಳ ಬೆನ್ನು ನೇರ ಹೊರಬಾಗಿಲಿಗೆ ಬರುತ್ತಿತ್ತು. ಇನ್ನೊಬ್ಬಳು, "ಹಿತ್ತಲ ಬಾಗಿಲೇ ಇಲ್ವಲ್ಲ! ಮೀನು ಕೊಯ್ಯೂದು ಎಲ್ಲಿ, ಟಿವಿ ಮುಂದಾ?" ಎಂದಳು. ಗದ್ದೆ ತುಂಬ ನಗು. ಹಿತ್ತಲ ಬಾಗಿಲು ಬೇಕು, ಅದರಾಚೆ ಒಂದು ಜಗಲಿ ಬೇಕು, ಟಾಂಕಿ ಪಕ್ಕಕ್ಕೆ ಸರಿಯಬೇಕು...

ಆದರೆ ನಕ್ಷೆ ಬದಲಾದರೆ ಮಳೆಗಾಲದೊಳಗೆ ಕೆಲಸ ಮುಗಿಯುವುದಿಲ್ಲವೆಂದು ಸಂಸ್ಥೆಯ ಹಿರಿಯರು ಖಂಡಿತವಾಗಿ ಹೇಳಿಬಿಟ್ಟರು. ಅಕ್ಕೋರು ಅದನ್ನೂ ಎಲ್ಲರ ಮುಂದಿಟ್ಟರು. ಹೆಚ್ಚಿನವರು ಕಾಯೋಣ ಎಂದರು. ಎಳೆ ಮಗುವಿನ ಒಬ್ಬ ತಾಯಿ ಮಾತ್ರ ಒಪ್ಪಲಿಲ್ಲ.

ಆಷಾಢದಲ್ಲಿ ಹೊಳೆ ಬಂತು. ನಾನು ಹೋಗುವಷ್ಟರಲ್ಲಿ ಕೇರಿಯ ದಾರಿಯಲ್ಲಿ ಮೊಣಕಾಲು ನೀರು. ಆ ತಾಯಿ ಮಗುವನ್ನೆತ್ತಿಕೊಂಡು ಅಕ್ಕೋರ ಅಂಗಳದಲ್ಲಿ ನಿಂತು ಕೂಗುತ್ತಿದ್ದಳು.

"ನಿಮ್ಗೇನು ಅಕ್ಕೋರೇ, ಗಟ್ಟಿ ಮನೆ ಅದೆ! ಹಿತ್ತಲ ಬಾಗಿಲು ಅಂತ ಕಾದು ಈಗ ನಮ್ಗೆ ಮುಂದಿನ ಬಾಗಿಲೂ ಇಲ್ಲ!"

ಅಕ್ಕೋರು ಎತ್ತರದ ಜಗಲಿಯ ಮೆಟ್ಟಿಲಿಳಿದು ಬಂದು ಕೈ ಚಾಚಿದರು. "ಮಗೂನ ಕೊಡು. ಹಾಸಿಗೆ ಪೂರಾ ಒದ್ದೆ ಆಗೂದರೊಳಗೆ ತಕಂಡು ಬಾ."

ಆ ಮಳೆಗಾಲವಿಡೀ ಅವರ ಮನೆ ತುಂಬಿ ತುಳುಕಿತು. ನಡುಮನೆಯಲ್ಲಿ ಒದ್ದೆ ಬಟ್ಟೆಗಳ ಸಾಲು, ಮೂಲೆಗೊಂದು ತೊಟ್ಟಿಲು, ಅಕ್ಕೋರ ಹಾಸಿಗೆ ಒಲೆಯ ಪಕ್ಕದಲ್ಲಿ. ಒಮ್ಮೆ ನನಗೆ ಚಾ ಕೊಡುತ್ತ ಮೆಲ್ಲಗೆ ಹೇಳಿದರು: "ಅವಳು ಹೇಳಿದ್ದು ಸುಳ್ಳಲ್ಲ ತಂಗಿ. ಜನರ್ನ ಕೇಳಿ ಕಟ್ಟಿ ಅಂದವಳು ನಾನು. ಕಾದವರು ಅವರು."

ಮರು ಬೇಸಗೆಯಲ್ಲಿ ಮನೆಗಳು ಎದ್ದವು, ಜನ ಕೇಳಿದ ಹಾಗೆಯೇ. ಗೃಹಪ್ರವೇಶದ ದಿನ ಅಕ್ಕೋರು ಎಲ್ಲ ಮನೆಗೂ ಹೋಗಿ ಬಂದರು. ಆ ತಾಯಿಯ ಮನೆಯಲ್ಲಿ ಮಾತ್ರ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಆಕೆ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.

ನಾನು ಬೇರೆ ಬೇರೆ ಊರು ಸುತ್ತಿದೆ. ಫೋನು ವಿರಳವಾಯಿತು... ಅಕ್ಕೋರು ಹೋದ ಸುದ್ದಿ ಭಟ್ಕಳದಲ್ಲಿದ್ದಾಗ ತಡವಾಗಿ ತಿಳಿಯಿತು.

ನಿನ್ನೆ ಆ ದಿಬ್ಬಕ್ಕೆ ಹೋಗಿ ಬಂದೆ. ಆ ತಾಯಿ ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ಮಗ ಅವಳಿಗಿಂತ ಎತ್ತರ ಬೆಳೆದಿದ್ದಾನೆ. ಕಡೆಯ ವರ್ಷಗಳಲ್ಲಿ ಅಕ್ಕೋರು ದಿನಾ ಸಂಜೆ ಅಲ್ಲಿಗೆ ಬರುತ್ತಿದ್ದರಂತೆ.

"ಬಂದ್ರೆ ಸುಮ್ನೆ ಕೂರೂದಿಲ್ಲ. ಸಾರಿಗೆ ಉಪ್ಪು ಹೆಚ್ಚು, ಮಗಂಗೆ ಬೈದದ್ದು ಹೆಚ್ಚು... ನಾನೂ ಬಿಡ್ತಿರ್ಲಿಲ್ಲ."

"ಆ ಮಳೆಗಾಲದ ಸಿಟ್ಟು ಹೋಗಿತ್ತಾ?" ಎಂದು ಕೇಳಿದೆ.

ಆಕೆಯ ಬೆರಳು ದಾರದ ಮೇಲೆ ನಿಂತಿತು. "ಅದು ಅವರ ಮನೇಲಿ ಮಗು ನಿದ್ದೆ ಮಾಡಿದ ದಿನವೇ ಹೋಯ್ತು. ಆದ್ರೆ ಈಗ ಜಗಳ ಆಡೂಕೆ ಯಾರಿದ್ದಾರೆ ಹೇಳಿ?"

ಆಕೆ ಸರಿದು ಜಾಗ ಮಾಡಿದಳು. ಪಕ್ಕದಲ್ಲಿ ಕೂತೆ.