ಅಗಳಿ ತೆಗೆದವರ ಮನೆ

ಊರ ತುಂಬ ಮಣ್ಣಿನ ಮಾಳಿಗೆಗಳೇ ಇದ್ದ ಆ ದಿನಗಳಲ್ಲಿ, ನಮ್ಮ ಬೈಲಹೊಂಗಲ ಸೀಮೆಯಲ್ಲಿ ಮುಂಗಾರಿಗೆ ಮೊದಲು ಎರಡು ಕೆಲಸ ತಪ್ಪುತ್ತಿರಲಿಲ್ಲ. ಗಂಡಸರು ಮಾಳಿಗೆಗೆ ಹೊಸ ಮಣ್ಣು ಹಾಕುತ್ತಿದ್ದರು. ಹೆಂಗಸರು ಹಳೆಯ ಕಾಗದವನ್ನು ಮೆಂತ್ಯದ ಜೊತೆ ನೆನೆಹಾಕಿ, ಒರಳಿನಲ್ಲಿ ಕುಟ್ಟಿ, ತೂತುಬಿದ್ದ ಬುಟ್ಟಿ, ಮೊರಗಳಿಗೆ ಬಳಿಯುತ್ತಿದ್ದರು. ಇಡೀ ಓಣಿ ಮೆಂತ್ಯದ ಕಹಿ ವಾಸನೆ ಹೊಡೆಯುತ್ತಿತ್ತು. ನಿಮ್ಮಲ್ಲಿ ಕೆಲವರಿಗಾದರೂ ಅದು ನೆನಪಿರಬೇಕು. ನನಗಂತೂ ಈಗಲೂ ಆ ವಾಸನೆ ಬಂದರೆ ಊಟ ಸೇರುವುದಿಲ್ಲ.

ನನಗಾಗ ಹನ್ನೆರಡು ವರ್ಷ. ನೀಲಾ ನನ್ನ ಜೀವದ ಗೆಳತಿ. ಕುಂಟಾಬಿಲ್ಲೆ ಆಡುವಾಗ ಜಗಳ, ಹುಣಸೆಹಣ್ಣು, ಬೆಲ್ಲ ಕುಟ್ಟಿ ತಿನ್ನುವಾಗ ರಾಜಿ. ಆಟದಲ್ಲಿ ಸೋತವರು ಮಾತ್ರ ಅವಳಿಗೆ ಒಂದೇ ಮಾತು ಎಸೆಯುತ್ತಿದ್ದರು: “ಹೋಗ, ಅಗಳಿ ತೆಗೆದವರ ಮಗಳ.” ಕಿತ್ತೂರು ಬಿದ್ದ ಕಾಲಕ್ಕೆ ಕಂಪನಿಯ ದಂಡು ನಮ್ಮೂರಿನ ಸಣ್ಣ ಕೋಟೆಗೂ ಬಂತಂತೆ. ಬಾಗಿಲು ಕಾಯುತ್ತಿದ್ದ ನೀಲಾಳ ಮನೆತನದ ಹಿರಿಯ ಬಸಪ್ಪ ಲಂಚ ತಿಂದು ಒಳಗಿನ ಅಗಳಿ ಸರಿಸಿದನಂತೆ. ಆಮೇಲೆ ‘ಅಗಳಿ’ ಎಂಬುದೇ ಅವರ ಅಡ್ಡಹೆಸರಾಗಿ ಶಾಲೆಯ ಹಾಜರಿಯಲ್ಲೂ ಕೂತಿತ್ತು. ಆ ಹೆಸರಿಗೇ ಅವಳ ಅಕ್ಕ ಗಂಗಾಳ ಎರಡು ಸಂಬಂಧ ಮುರಿದಿದ್ದವು. ಮೂರನೆಯವರು, ರಾಮದುರ್ಗದ ಕಡೆಯವರು, ಹದಿನೈದು ದಿನದಲ್ಲಿ ಬರುವವರಿದ್ದರು.

ಆ ಬೇಸಿಗೆ ನೀಲಾಳ ಮನೆಯ ಮಾಳಿಗೆ ಬಿಚ್ಚಿದಾಗ ಜಂತೆಯ ಸಂದಿಯಲ್ಲಿ ಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ, ಹಿಂದೆ ಮರಾಠಿ ದಫ್ತರಗಳಲ್ಲಿ ಬರೆಯುತ್ತಿದ್ದ ಮೋಡಿ ಲಿಪಿಯ ಎರಡು ಹಾಳೆ. ಅವಳಪ್ಪ ತಿರುವಿ ಹಾಕಿ, “ನಮಗ ಕನ್ನಡನ ನೆಟ್ಟಗ ಬರೂದಿಲ್ಲ, ಇದನ್ಯಾರು ಓದ್ತಾರ?” ಎಂದು ಪಕ್ಕಕ್ಕಿಟ್ಟ. ನೀಲಾ ಬಿಡಲಿಲ್ಲ. ಸಂತೆಯ ದಿನ ನನ್ನ ಸೋದರತ್ತೆಯ ಜೊತೆ ನಾವಿಬ್ಬರೂ ಬೈಲಹೊಂಗಲದ ಬಸ್ಸು ಹತ್ತಿದೆವು. ಅಲ್ಲಿ ಮೋಡಿ ಬಲ್ಲ ಪಂತಜ್ಜ ಇದ್ದರು, ಹಳೆಯ ಕಾಲದ ಕಚೇರಿ ಕಾರಕೂನರು. ಅತ್ತೆ ಸಂತೆಗೆ ಹೋದಳು. ನಾವು ಮಿರ್ಚಿಯ ಪೊಟ್ಟಣ ಹಿಡಿದು ಅಜ್ಜನ ಕಟ್ಟೆಯ ಮೇಲೆ ಕುಳಿತೆವು.

ಅಜ್ಜ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಬಿಡಿಸಿದರು. ಅದು ಬಸಪ್ಪನ ಹೆಂಡತಿ ಮಠದ ಸ್ವಾಮಿಗಳಿಗೆ ಬರೆಸಿದ ಬಿನ್ನಹ. ಕೊಡಲು ಧೈರ್ಯ ಸಾಲದೆ ಜಂತೆಯಲ್ಲೇ ಉಳಿದಿತ್ತೋ ಏನೋ.

“ನನ್ನ ಗಂಡ ಅಗಳಿ ತೆಗೀಲಿಲ್ಲ, ತೆಗಿಯಾಕ ಬಂದಾಂವಗ ಅಡ್ಡ ನಿಂತು ಬಾಗಲದಾಗ ಸತ್ತ, ನನ್ನ ಕೂಸಿನ ಹೆಸರು ಕೆಡಸಬ್ಯಾಡ್ರಿ ಅಂತ ಬರಸ್ಯಾಳ ನೋಡ್ರೆವಾ,” ಎಂದರು ಅಜ್ಜ.

ನೀಲಾ ಅಳತೊಡಗಿದಳು. “ಮತ್ತ ತೆಗೆದವರು ಯಾರಂತ್ರಿ ಅಜ್ಜಾರ?”

“ಎರಡನೇ ಹಾಳ್ಯಾಗ ಐತಿ, ತಡಿಯವಾ.”

ಅಷ್ಟರಲ್ಲಿ ಬೀದಿಯಿಂದ ಅತ್ತೆ, ಚೀಲ ಹಿಡಿ ಬಾರೆಂದು ನೀಲಾಳನ್ನೇ ಕೂಗಿದಳು. ನಮ್ಮ ಗೌಡರ ಮನೆಯವರು ಕರೆದರೆ ಅವಳು ಇಲ್ಲವೆನ್ನುವಂತಿರಲಿಲ್ಲ. “ಕೇಳಿಟ್ಕೋ ಸುಮಿ,” ಎಂದು ಕಣ್ಣೊರಸಿಕೊಂಡು ಓಡಿದಳು.

ಅಜ್ಜ ಎರಡನೆಯ ಹಾಳೆ ಓದಿದರು. “ಭೂಮಿ ಆಸಿಗಿ ಅಗಳಿ ತೆಗೆದಾಂವ ಗೌಡರ ಮನಿ ಮಲ್ಲನಗೌಡ.” ನಾನು ಯಾರ ಮಗಳೆಂದು ಅವರಿಗೇನು ಗೊತ್ತು? ಮಲ್ಲನಗೌಡ ನಮ್ಮ ಮನೆತನದ ಹಿರಿಯ. ಅವನ ಹೆಸರನ್ನೇ ನನ್ನ ಅಪ್ಪನಿಗಿಟ್ಟಿದ್ದರು. ಕೋಟೆಯ ಬಾಗಿಲಿಗೆ ಮೊದಲ ಕಾಯಿ ಒಡೆಯುವ ಮಾನವೂ ನಮ್ಮದೇ. ಅಜ್ಜ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, ಪೂಜೆಯ ಹೊತ್ತಾಯಿತೆಂದು ಒಳಗೆ ಹೋದರು.

ಬಸ್ ನಿಲ್ದಾಣದಲ್ಲಿ ನೀಲಾ ನನ್ನ ರಟ್ಟೆ ಹಿಡಿದಳು. “ಏನಂದ್ರು?”

“ಕಣ್ಣು ಸೋತ್ವು ಅಂತ ಓದಲಿಲ್ಲ. ಮುಂದಿನ ಸಂತಿಗಿ ಬರ್ರಿ ಅಂದ್ರು.” ಸುಳ್ಳು ಅಷ್ಟು ಸಲೀಸಾಗಿ ಬರುತ್ತದೆಂದು ನನಗೆ ಗೊತ್ತಾದದ್ದು ಅಂದೇ.

“ಹಂಗಾರ ಹಾಳಿ ನಿಮ್ಮನ್ಯಾಗ ಇಡು. ನಮ್ಮ ಮಾಳಗಿ ತೆರದೈತಿ, ಮಳಿಗಿಳಿ ಬಂದೀತು,” ಎಂದು ನಾನು ಕೊಡಹೋದ ಗಂಟನ್ನು ಅವಳೇ ನನ್ನ ಕೈಗೆ ಹಿಂದಿರುಗಿಸಿದಳು.

ಮೂರು ದಿನ ಅದನ್ನು ಹಾಸಿಗೆಯ ಕೆಳಗಿಟ್ಟುಕೊಂಡು ಒದ್ದಾಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಪ್ಪ ಸುಮ್ಮನೆ ಕರೆದರೂ ಹಾಸಿಗೆಯ ಕಡೆ ನೋಡುತ್ತಿದ್ದೆ. ನಾಲ್ಕನೆಯ ದಿನ ಅಜ್ಜಿ ಅಂಗಳದಲ್ಲಿ ಮೆಂತ್ಯದ ಗಡಿಗೆ ಇಟ್ಟುಕೊಂಡು, “ಸುಮಿ, ಹಳೇ ಕಾಗದ ಇದ್ರ ತಾರವಾ,” ಎಂದಳು. ಹಳೆಯ ನೋಟುಬುಕ್ಕುಗಳ ನಡುವೆ ಆ ಎರಡು ಹಾಳೆ ಸೇರಿಸಿ ನಾನೇ ಕೊಟ್ಟೆ. ಯಾರೂ ಹೇಳಿಕೊಡಲಿಲ್ಲ, ಯಾರೂ ಹೆದರಿಸಲಿಲ್ಲ. ನೀರಿನಲ್ಲಿ ಮಸಿ ಬಿಡುವುದನ್ನು ನಿಂತು ನೋಡಿದೆ. ಮರುದಿನ ಒನಕೆ ಹಿಡಿದು ಒಂದಿಷ್ಟು ಕುಟ್ಟಿದೆ ಕೂಡ.

ನೀಲಾ ಬಂದಾಗ, ಅಜ್ಜಿ ತಿಳಿಯದೆ ನೆನೆಹಾಕಿಬಿಟ್ಟಳು ಎಂದೆ. ಅವಳು ಒರಳಿನೊಳಗೆ ಕೈ ಹಾಕಿ ಆ ಮುದ್ದೆಯನ್ನು ಬಿಡಿಸಿ ಬಿಡಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, “ಅವರೇನ ಮಾಡ್ಯಾರು ಪಾಪ. ನಾನ ಇಟ್ಕೋಬೇಕಾಗಿತ್ತು,” ಎಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅವಳಪ್ಪ ಚಾವಡಿಗೆ ಹೋಗಿ ಮೊದಲ ಹಾಳೆಯ ಮಾತು ಹೇಳಿದ. “ಕಾಗದ ತೋರಸಪಾ. ಬೈಲಹೊಂಗಲದ ಮುದುಕ ಕನಸು ಕಂಡಿರಬೇಕು,” ಎಂದು ಅಲ್ಲಿದ್ದವರು ನಕ್ಕರು. ನಕ್ಕವರಲ್ಲಿ ನನ್ನ ಅಪ್ಪನೂ ಇದ್ದ. ರಾಮದುರ್ಗದವರು ಬಂದರು, ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಹುಡುಗಿ ಒಪ್ಪಿಗೆ ಎಂದರು. ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಯಾರೋ ಕಿವಿಯೂದಿದರು. ಮರುದಿನವೇ ಬೇಡವೆಂದು ಹೇಳಿಕಳಿಸಿದರು. ಗಂಗಕ್ಕನನ್ನು ನೋಡಲು ಆಮೇಲೆ ಯಾರೂ ಬರಲಿಲ್ಲ.

ಪಂತಜ್ಜ ಹೋಗಿ ಎಷ್ಟೋ ಕಾಲವಾಯಿತು. ನೀಲಾಳೂ ಇಲ್ಲ, ಕಾಗದ ಹಾಳಾದದ್ದು ತನ್ನ ತಪ್ಪಿನಿಂದಲೇ ಎಂದು ನಂಬಿಕೊಂಡೇ ಹೋದಳು. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅಣ್ಣನಿಗೆ ಎಲ್ಲ ಹೇಳಿದೆ. ಅವನು, “ಕಾಗದ ಐತೇನು? ಇಲ್ಲಲ್ಲ. ಸುಮ್ನ ಕುಂದ್ರು,” ಎಂದ. ಸುಮ್ಮನೆ ಕೂರಲಾಗದೆ ಗಂಗಕ್ಕನ ಹತ್ತಿರ ಹೋದೆ. ಆಕೆ ಅಕ್ಕಿ ಆರಿಸುತ್ತಿದ್ದಳು. ಮುಖವೆತ್ತದೆ ಕೊನೆಯವರೆಗೂ ಕೇಳಿದಳು.

“ಹನ್ನೆರಡು ವರ್ಷದ ಹುಡುಗಿ, ಅಂಜಿದ್ದಿ. ಅದನ್ನ ಬಿಡು,” ಎಂದಳು. “ನಿನಗ ಇಪ್ಪತ್ತೈದು ಆದಾಗ ನನಗ ಮೂವತ್ತೆರಡು. ಅವಾಗರ ಬಂದು ಹೇಳಿದ್ರ ನನಗೊಂದು ಮನಿ ಆಕ್ಕಿತ್ತಲ್ಲ. ಅವಾಗ ಯಾರಿಗೆ ಅಂಜಿದ್ದಿ?”