ಕಾಲು ತಾಗಿಸಬಾರದ ದೇವದಾರು

ದೇವದಾರು ಎಂದರೆ ದೇವರ ಮರ ಎಂದು ನಾನು ಮೈಸೂರಿನ ಕಾಲೇಜಿನಲ್ಲಿ ಓದಿ ತಿಳಿದೆ. ಅಜ್ಜಿ ಓದದೆಯೇ ತಿಳಿದಿದ್ದಳು. ಹಿಮಾಲಯದ ಕಡೆ ಅದರಿಂದ ಗುಡಿ ಕಟ್ಟುತ್ತಾರೆ, ಎಣ್ಣೆ ತೆಗೆದು ಕೀಲುನೋವಿಗೆ ಹಚ್ಚುತ್ತಾರೆ, ಸೇತುವೆಯನ್ನೂ ಹಾಕುತ್ತಾರೆ ಎಂದು ನಾನು ಹೇಳಿದರೆ, “ಸೇತುವೆನಾ? ತುಳೀತಾರಾ ಅದ್ನ?” ಎಂದು ಮುಖ ಕಿವುಚಿದಳು.

ನಮ್ಮೂರು ಗುತ್ತಲಿನ ಮನೆಯಲ್ಲಿದ್ದದ್ದು ಒಂದೇ ದೇವದಾರು ಹಲಗೆ. ಹತ್ತಿರದ ಸಕ್ಕರೆ ಕಾರ್ಖಾನೆಗೆ ಯಂತ್ರ ತುಂಬಿಕೊಂಡು ಬಂದ ಪೆಟ್ಟಿಗೆಯದು. ನಿಜಕ್ಕೂ ದೇವದಾರೋ ಅಲ್ಲವೋ, ಕೊಟ್ಟ ಬಡಗಿ ಹಾಗೆಂದಿದ್ದ. ಅದರ ಮೇಲೆ ದೇವರನ್ನು ಕೂರಿಸುತ್ತಿದ್ದೆವು. ತಪ್ಪಿ ಕಾಲು ತಾಗಿದರೆ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು.

ಗೌರಿ ಹಬ್ಬದ ಹಿಂದಿನ ದಿನ ಅದನ್ನು ನಾಲೆಗೆ ಒಯ್ದು ಸೀಗೆಪುಡಿ ಹಾಕಿ ಉಜ್ಜುವುದು ಪದ್ಧತಿ. ಯುದ್ಧ ನಡೆಯುತ್ತಿದ್ದ ಒಂದು ವರ್ಷ, ರಜೆಗೆ ಬಂದಿದ್ದ ನಾನೂ ಅಜ್ಜಿ, ತಂಗಿಯ ಜೊತೆಗೆ ಹೋದೆ. ನಾಲೆ ತುಂಬಿ ಹರಿಯುತ್ತಿತ್ತು. ಹಲಗೆ ಉಜ್ಜುತ್ತಿದ್ದ ಅಜ್ಜಿಯ ಪಕ್ಕದಲ್ಲಿ ಬಿಂದಿಗೆ ಅದ್ದಲು ಬಾಗಿದ ನನ್ನ ತಂಗಿ ಪಾಚಿಗೆ ಜಾರಿದಳು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಬಿಂದಿಗೆ ಮುಳುಗುತ್ತದೆ, ಆಮೇಲೆ ಅವಳ ಜಡೆ. ಸ್ವಲ್ಪ ಕೆಳಗೆ ತೂಬು ನೀರನ್ನು ಒಳಕ್ಕೆಳೆಯುತ್ತಿತ್ತು. ನನಗೆ ಈಜು ಬಾರದು. ನಿಂತೇ ಇದ್ದೆ.

ಅಜ್ಜಿ ಹಲಗೆಯನ್ನು ನೀರಿಗೆ ತಳ್ಳಿದಳು. ಅದು ತೇಲಿಕೊಂಡು ಹೋಗಿ ತಂಗಿಯ ಕೈಗೆ ಸಿಕ್ಕಿತು. ಅವಳ ಕಾಲೂ ಅದಕ್ಕೆ ತಾಗಿರಬೇಕು. ಮುಳುಗುತ್ತಿದ್ದವಳು ಹಿಡಿತ ಬಿಟ್ಟು ಕೈಯನ್ನು ಕಣ್ಣಿಗೊತ್ತಿಕೊಂಡಳು. ಹಲಗೆ ಒಂದು ಮೊಳ ದೂರ ಸರಿಯಿತು.

“ಕೈ ಮುಗ್ಯೋದು ಆಮ್ಯಾಕೆ ಕಣೆ ಮೂದೇವಿ,” ಎಂದು ಅಜ್ಜಿ ದಡದ ಮೇಲೆ ಓಡುತ್ತಾ ಕೂಗಿದಳು. “ತಬ್ಕೊ ಅದ್ನ. ಎದೆ ಆಕು, ಕಾಲಾಕು. ಪಾಪ ಬಂದ್ರೆ ನಂಗ್ ಬರ್ಲಿ.”

ತಂಗಿ ಕೈ ಚಾಚಿ ಹಲಗೆಯನ್ನು ಮತ್ತೆ ಎಳೆದು ತಬ್ಬಿಕೊಂಡಳು. ಆಗ ನಾನೂ ದಡದ ಮೇಲೆ ಓಡಿದೆ. ತೂಬಿನ ಹತ್ತಿರ ಹಲಗೆ ಕಲ್ಲಿಗೆ ತಗುಲಿ ನಿಂತಾಗ ಅವಳ ಜಡೆ ಹಿಡಿದು ಮೇಲಕ್ಕೆಳೆದೆ. ಇವತ್ತಿಗೂ ಯಾರಾದರೂ ನಿಮ್ಮದು ಯಾವ ಮನೆ ಎಂದು ಕೇಳಿದರೆ, ದೇವರ ಹಲಗೆಯನ್ನು ನಾಲೆಗೆ ತಳ್ಳಿದವಳ ಮನೆ ಎನ್ನುತ್ತೇನೆ.

ಮರುದಿನ ಅಜ್ಜಿ ಅದೇ ಹಲಗೆಯನ್ನು ನೆಲಕ್ಕಿಟ್ಟು ಗೌರಿಯನ್ನು ಕೂರಿಸಿದಳು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, “ತುಳ್ದಿರೋ ಅಲ್ಗೆ ಕಣಮ್ಮ. ವಸಿ ಗಂಜ್ಲನಾದ್ರೂ ಸಿಮ್ಕಿಸ್ಬಾರ್ದಾ?” ಎಂದಳು.

“ನನ್ ಮೊಮ್ಮಗಳ್ನ ಒತ್ಕಂಡ್ ಬಂದದೆ. ಇದ್ಕಿನ್ಯಾವ ಗಂಜ್ಲ, ಓಗಮ್ಮಿ.”

ಆಮೇಲೆ ತಂಗಿಯನ್ನು ಕರೆದು, ಗೌರಿಯ ಪಕ್ಕದಲ್ಲಿ ಉಳಿದಿದ್ದ ಜಾಗದಲ್ಲಿ ಕೂರಿಸಿ ಅರಿಶಿನ ಕುಂಕುಮ ಇಟ್ಟಳು. ತಂಗಿ ಅಂಗಾಲು ಹಲಗೆಗೆ ತಾಗದಂತೆ ಎತ್ತಿ ಹಿಡಿದಿದ್ದಳು. ಅಜ್ಜಿ ಎರಡೂ ಪಾದಗಳನ್ನು ಹಿಡಿದು ಹಲಗೆಯ ಮೇಲೆ ಒತ್ತಿಟ್ಟಳು.